ಕುಲುಮೆಯ ವಿದ್ಯೆ: ಅಂದು, ಇಂದು, ಮುಂದು

ಮನುಷ್ಯನ ನಾಗರಿಕತೆಯ ಕಥೆಯಲ್ಲಿ ಬೆಂಕಿಗೆ ಎಷ್ಟು ದೊಡ್ಡ ಸ್ಥಾನವಿದೆಯೋ ಕಬ್ಬಿಣಕ್ಕೂ ಅಷ್ಟೇ ದೊಡ್ಡ ಸ್ಥಾನವಿದೆ. ನಾವು ದಿನವೂ ಉಣ್ಣುವ ಜೋಳದ ರೊಟ್ಟಿಯನ್ನೇ ನೋಡೋಣ. ಹೊಲ ಊಳಲು ನೇಗಿಲ ಕುಳ ಬೇಕು, ಹರಗಲು ಕುಂಟೆಯ ಕುಡ ಬೇಕು, ಕಳೆ ತೆಗೆಯಲು ಕುರ್ಪಿ ಬೇಕು, ಕೊಯ್ಯಲು ಕುಡಗೋಲು ಬೇಕು. ಕೊನೆಗೆ ರೊಟ್ಟಿ ಬೇಯಿಸಲು ಹಂಚು ಬೇಕು. ಇವೆಲ್ಲವೂ ಕಬ್ಬಿಣದವೇ. ರೈತನು ನಾಡಿನ ಬೆನ್ನೆಲುಬು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆ ರೈತನ ಬೆನ್ನ ಹಿಂದೆ ನಿಂತವರು ಕಮ್ಮಾರರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ.

ಕುಲುಮೆಯಲ್ಲಿ ನಡೆಯುವ ಕೆಲಸವೆಂದರೆ ಬರಿಯ ಬಡಿತ, ಬೆವರು, ಮಸಿ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಅಲ್ಲಿ ಒಂದು ಶಾಸ್ತ್ರವಿದೆ. ಅದು ಪುಸ್ತಕದಲ್ಲಿಲ್ಲ, ಕಣ್ಣಿನಲ್ಲಿ, ಕೈಯಲ್ಲಿ ಇದೆ. ಆ ಶಾಸ್ತ್ರ ಯಾವುದು, ನಮ್ಮ ಸೀಮೆಯ ಉಕ್ಕು ಹೇಗೆ ಲೋಕದಲ್ಲಿ ಹೆಸರು ಮಾಡಿತು, ಅದು ಹೇಗೆ ಮರೆಯಾಯಿತು, ಈಗ ಮತ್ತೆ ಹೇಗೆ ಚಿಗುರುತ್ತಿದೆ, ಇದರಲ್ಲಿ ನಮ್ಮ ಪಾಲಿನ ಕರ್ತವ್ಯವೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆ, ನಮ್ಮ ಕುಲುಮೆ

ಜಹೀರಾಬಾದ್ ಮತ್ತು ನಾರಾಯಣಖೇಡ ಹಿಂದೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಿಂದ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ನಕಾಶೆಯ ಮೇಲಿನ ಗೆರೆಗಳು ಹೀಗೆ ಹಲವು ಸಲ ಬದಲಾದವು. ಆದರೆ ಗೆರೆಯ ಈಚೆಗೂ ಆಚೆಗೂ ಹೊಲದ ಮಣ್ಣು ಒಂದೇ, ಬೇಸಾಯದ ಸಾಮಾನು ಒಂದೇ. ಕನ್ನಡದಲ್ಲಿ ಕಮ್ಮಾರ ಎಂದರೆ ತೆಲುಗಿನಲ್ಲಿ ಕಮ್ಮರಿ. ಮರಾಠಿ, ಉರ್ದು ಆಡುವವರು ಲೋಹಾರ ಎನ್ನುತ್ತಾರೆ. ನಮ್ಮ ಕುಲುಮೆ ತೆಲುಗಿನಲ್ಲಿ ಕೊಲಿಮಿ ಆಗುತ್ತದೆ. ಉಕ್ಕು ಎಂಬ ಮಾತಂತೂ ಕನ್ನಡ, ತೆಲುಗು ಎರಡಕ್ಕೂ ಒಂದೇ.

ನಮ್ಮಲ್ಲಿ ಕರಿಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಒಣಗಿದ ಎರೆಯ ಹೊಲ ಕಲ್ಲಿನಂತೆ ಗಟ್ಟಿ; ಕೆಂಪು ಮಣ್ಣಿನ ಮೊರಡಿ ಕಬ್ಬಿಣವನ್ನೇ ಸವೆಸುತ್ತದೆ. ಆದುದರಿಂದ ಮಿರುಗ ಮಳೆ ಬರುವ ಮೊದಲು ರೈತರು ಕುಳ, ಕುಡಗಳನ್ನು ಹೆಗಲ ಮೇಲೆ ಹೊತ್ತು ಕುಲುಮೆಯ ಮುಂದೆ ಸಾಲು ನಿಲ್ಲುತ್ತಿದ್ದರು. ತಾಂಡೂರಿನ ಕಡೆ ಇನ್ನೊಂದು ಬಗೆಯ ಗಿರಾಕಿಗಳೂ ಇದ್ದರು. ಅಲ್ಲಿಯ ನೀಲಿ, ಬೂದು ಬಣ್ಣದ ಹಾಸುಗಲ್ಲು ಪ್ರಸಿದ್ಧವಾದುದು. ಕಲ್ಲು ಎಬ್ಬಿಸುವವರ ಉಳಿ, ಹಾರೆಗಳು ಮೊಂಡಾದರೆ ಮತ್ತೆ ಮೊನೆ ಬರಿಸುವವರು ಕಮ್ಮಾರರೇ.

ಈ ಕೆಲಸಕ್ಕೆ ಆಗಿಂದಾಗ ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ರಾಶಿಯಾದಾಗ ಕಣದಲ್ಲಿಯೇ ಕಮ್ಮಾರರ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಇದನ್ನು ಆಯ ಎನ್ನುತ್ತಿದ್ದರು. ಮಳೆ ಚೆನ್ನಾದ ವರ್ಷ ರೈತರೂ ಉಂಡರು, ಕಮ್ಮಾರರೂ ಉಂಡರು. ಬರ ಬಿದ್ದ ವರ್ಷ ಇಬ್ಬರಿಗೂ ಹಸಿವು. ಈ ಪದ್ಧತಿಯಲ್ಲಿ ಒಂದು ಭದ್ರತೆಯಿತ್ತು. ಆದರೆ ಎಷ್ಟೇ ಜಾಣ ಕೆಲಸಗಾರರಾದರೂ ಆ ಅಳತೆಯನ್ನು ಮೀರಿ ಗಳಿಸುವ ದಾರಿ ಇರಲಿಲ್ಲ ಎಂಬ ಮಾತೂ ನಿಜ.

ಕುಲುಮೆಯ ಒಳಗೆ

ಕುಲುಮೆಯ ಸಾಮಾನುಗಳು ಬಹಳವಲ್ಲ. ಗಾಳಿ ಊದುವ ತಿದಿ, ಇದ್ದಿಲ ಒಲೆ, ಬಡಿಯಲು ಅಡಿಗಲ್ಲು, ಸಣ್ಣ ಸುತ್ತಿಗೆ, ದೊಡ್ಡ ಚಮ್ಮಟಿಗೆ, ಹಿಡಿಯಲು ಇಕ್ಕಳ, ಕತ್ತರಿಸಲು ಉಳಿ, ಉಜ್ಜಲು ಅರ, ಪಕ್ಕದಲ್ಲಿ ನೀರಿನ ತೊಟ್ಟಿ. ಇಷ್ಟೇ. ಈಗ ಚರ್ಮದ ತಿದಿಯ ಬದಲು ವಿದ್ಯುತ್ತಿನ ಬ್ಲೋವರ್ ಬಂದಿದೆ. ಉಳಿದುದೆಲ್ಲ ಹೆಚ್ಚು ಕಡಿಮೆ ಹಾಗೆಯೇ ಇದೆ.

ಶುದ್ಧ ಕಬ್ಬಿಣ ಕರಗಬೇಕಾದರೆ 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕಮ್ಮಾರರಿಗೆ ಅದು ಬೇಕಾಗಿಲ್ಲ. ಅವರು ಕಬ್ಬಿಣವನ್ನು ಕರಗಿಸುವುದಿಲ್ಲ, ಮೆತ್ತಗೆ ಮಾಡುತ್ತಾರೆ. ಹಾಗಾದರೆ ಉಷ್ಣತೆ ಎಷ್ಟಾಯಿತೆಂದು ಅವರಿಗೆ ತಿಳಿಯುವುದು ಹೇಗೆ? ಅಲ್ಲಿ ಉಷ್ಣತಾಮಾಪಕವಿಲ್ಲ. ಬಣ್ಣವೇ ಅವರ ಮಾಪಕ. ಕಬ್ಬಿಣವು ಸುಮಾರು 650 ಡಿಗ್ರಿಯಲ್ಲಿ ಕಪ್ಪು ಬೆರೆತ ಕೆಂಪಾಗುತ್ತದೆ. 800ರ ಹತ್ತಿರ ಹೊಳೆಯುವ ಕೆಂಪಾಗುತ್ತದೆ. 950ರಲ್ಲಿ ಕಿತ್ತಳೆ, 1100ರಲ್ಲಿ ಹಳದಿ, 1300ರಲ್ಲಿ ಬಿಳುಪು. ಎರಡು ತುಂಡುಗಳನ್ನು ಬಡಿದು ಬೆಸೆಯಬೇಕಾದರೆ ಬಿಳುಪಿನ ತನಕ ಕಾಯಿಸಬೇಕು. ಬಾಗಿಸಿ ರೂಪ ಕೊಡಲು ಕಿತ್ತಳೆ, ಹಳದಿ ಸಾಕು. ಕುಲುಮೆಗಳು ನೆರಳಿನಲ್ಲಿ, ತುಸು ಕತ್ತಲೆಯಲ್ಲಿ ಇರುವುದೇಕೆ ಎಂದು ಯೋಚಿಸಿದ್ದೀರಾ? ಬಿಸಿಲಿನಲ್ಲಿ ಈ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಆ ಮಬ್ಬು.

ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವುದನ್ನು ನಿಮ್ಮ ಅಜ್ಜಂದಿರು ನೋಡಿರುತ್ತಾರೆ. ಪಟ್ಟಾದ ಬಳೆಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಸುತ್ತಲೂ ಕುಳ್ಳು ಒಟ್ಟಿ ಬೆಂಕಿಯಿಟ್ಟು ಕೆಂಪಗೆ ಕಾಯಿಸುತ್ತಾರೆ. ಕಾದ ಬಳೆ ಹಿಗ್ಗುತ್ತದೆ. ಮೂರು ನಾಲ್ಕು ಜನ ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ ಒಡನೆಯೇ ನೀರು ಸುರಿಯುತ್ತಾರೆ. ಬಳೆ ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಕಬ್ಬಿಣವು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 4.5 ಮೀಟರು ಸುತ್ತಳತೆಯ ಬಳೆಯನ್ನು 500 ಡಿಗ್ರಿ ಹೆಚ್ಚು ಕಾಯಿಸಿದರೆ 2.7 ಸೆಂಟಿಮೀಟರು ಹಿಗ್ಗುತ್ತದೆ. ನಾವು ಶಾಲೆಯಲ್ಲಿ ಕಾಗದದ ಮೇಲೆ ಮಾಡುವ ಈ ಲೆಕ್ಕವನ್ನು ಕಮ್ಮಾರರು ದಾರದ ಅಳತೆಯಲ್ಲಿ, ಬೆರಳಿನ ಅಂದಾಜಿನಲ್ಲಿ ಮಾಡಿ ಮುಗಿಸುತ್ತಿದ್ದರು. ಲೆಕ್ಕ ತಪ್ಪಿದರೆ ಗಾಲಿಯೇ ಸೀಳಿ ಹೋಗುತ್ತಿತ್ತು.

ಹದ ಎಂದರೇನು?

ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದವೇನು? ಇಂಗಾಲವೇ ಆ ಭೇದ. ಇದ್ದಿಲಿನಲ್ಲಿರುವುದೂ ಈ ಇಂಗಾಲವೇ. ನೂರು ಭಾಗ ಕಬ್ಬಿಣದಲ್ಲಿ ಇಂಗಾಲ 0.1 ಭಾಗಕ್ಕಿಂತ ಕಡಿಮೆಯಿದ್ದರೆ ಅದು ಮೆದು ಕಬ್ಬಿಣ. ಬಾಗುತ್ತದೆ, ಮೊನೆ ನಿಲ್ಲುವುದಿಲ್ಲ. ಸುಮಾರು 0.6ರಿಂದ 1 ಭಾಗದ ತನಕ ಇದ್ದರೆ ಅದು ಆಯುಧಕ್ಕೆ ತಕ್ಕ ಉಕ್ಕು. 2 ಭಾಗ ಮೀರಿದರೆ ಬೀಡು ಕಬ್ಬಿಣ; ಎರಕಕ್ಕೆ ಒಳ್ಳೆಯದು, ಬಡಿದರೆ ಒಡೆಯುತ್ತದೆ. ಇಷ್ಟು ಚಿಕ್ಕ ಅಂಶದಿಂದ ಇಷ್ಟು ದೊಡ್ಡ ಅಂತರ!

ಒಳ್ಳೆಯ ಉಕ್ಕು ಸಿಕ್ಕರೆ ಸಾಲದು. ಅದಕ್ಕೆ ಹದ ಕೊಡಬೇಕು. ಇದನ್ನು ತಿಳಿಯಲು ಒಂದು ಚಿಕ್ಕ ಪ್ರಯೋಗವಿದೆ. ಇದನ್ನು ವಿಜ್ಞಾನದ ಗುರುಗಳ ಎದುರಿನಲ್ಲಿಯೇ, ಶಾಲೆಯ ಪ್ರಯೋಗಶಾಲೆಯಲ್ಲಿಯೇ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಮಾಡಬೇಕು. ಬಟ್ಟೆ ಹೊಲಿಯುವ ಮೂರು ಸೂಜಿಗಳನ್ನು ತೆಗೆದುಕೊಳ್ಳಿ. ಅವು ಉಕ್ಕಿನವು. ಮೊದಲನೆಯದನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಜ್ವಾಲೆಯಿಂದ ನಿಧಾನವಾಗಿ ಹೊರಗೆ ತೆಗೆದು ತಾನಾಗಿ ತಣಿಯಲು ಬಿಡಿ. ಇಕ್ಕಳದಿಂದ ಒತ್ತಿದರೆ ಅದು ತಂತಿಯಂತೆ ಬಾಗುತ್ತದೆ. ಎರಡನೆಯದನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ತಣ್ಣೀರಿನಲ್ಲಿ ಅದ್ದಿ. ಈಗ ಒತ್ತಿದರೆ ಅದು ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಮೂರನೆಯದನ್ನೂ ಹಾಗೆಯೇ ಕಾಯಿಸಿ ನೀರಿನಲ್ಲಿ ಅದ್ದಿ, ಉಜ್ಜಿ ಹೊಳಪು ಬರಿಸಿ, ಈಗ ಮೆಲ್ಲನೆ ಜ್ವಾಲೆಯ ಮೇಲುಗಡೆ ಬಿಸಿ ಮಾಡಿ. ಸೂಜಿಯ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣ ಓಡುತ್ತದೆ. ನೀಲಿ ಬಂದ ಕೂಡಲೇ ತೆಗೆಯಿರಿ. ಈ ಸೂಜಿ ತುಸು ಬಾಗಿ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ.

ಉಕ್ಕು ಒಂದೇ, ಬೆಂಕಿ ಒಂದೇ, ನೀರೂ ಒಂದೇ. ಆದರೆ ಮೂರು ಸೂಜಿಗಳಿಗೆ ಮೂರು ಗುಣ. ಇದಕ್ಕೆ ಕಾರಣವಿಷ್ಟು. ಕೆಂಪಗೆ ಕಾದಾಗ ಇಂಗಾಲದ ಕಣಗಳು ಕಬ್ಬಿಣದ ಕಣಗಳ ನಡುವೆ ಬೆರೆತು ಹೋಗುತ್ತವೆ. ನಿಧಾನವಾಗಿ ತಣಿದರೆ ಅವು ಬೇರೆಯಾಗಿ ಹೊರಬರಲು ಸಮಯ ಸಿಗುತ್ತದೆ, ಉಕ್ಕು ಮೆತ್ತಗಾಗುತ್ತದೆ. ಒಮ್ಮೆಲೇ ತಣಿಸಿದರೆ ಅವು ಇದ್ದಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಉಕ್ಕು ಬಿಗಿದುಕೊಂಡು ಗಾಜಿನಂತೆ ಪೆಡಸಾಗುತ್ತದೆ. ಮತ್ತೆ ಮೆಲ್ಲನೆ ಕಾಯಿಸಿದರೆ ಆ ಬಿಗುವು ಬೇಕಾದಷ್ಟೇ ಸಡಿಲುತ್ತದೆ. ಒಣಹುಲ್ಲಿನ ಬಣ್ಣ ಸುಮಾರು 225 ಡಿಗ್ರಿಯ ಗುರುತು, ನೀಲಿ ಸುಮಾರು 300ರ ಗುರುತು. ತೀರ ಗಟ್ಟಿಯಾದ ಮೊನೆ ಬೇಕಾದಾಗ ಹಳದಿಯಲ್ಲಿ ನಿಲ್ಲಿಸಬೇಕು. ಏಟು ತಾಳುವ ಸಾಮಾನಾದರೆ ನೇರಳೆ, ನೀಲಿಯ ತನಕ ಹೋಗಬೇಕು. ಈ ಕ್ಷಣವನ್ನು ಕಣ್ಣಿನಿಂದಲೇ ಹಿಡಿಯುವುದು ಕಮ್ಮಾರರ ವಿದ್ಯೆ. ಹತ್ತಾರು ವರ್ಷ ತಿದಿ ಊದಿದವರಿಗೇ ಅದು ಒಲಿಯುತ್ತದೆ. ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಬಾರದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ!

ಉಕ್ಕು ಎಂಬ ಮಾತು ಲೋಕ ಸುತ್ತಿದ್ದು

ದಕ್ಷಿಣ ಭಾರತದಲ್ಲಿ ಕಬ್ಬಿಣದ ಕೆಲಸ ಬಹಳ ಹಳೆಯದು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜ ರಾವ್ ಅವರು ನಡೆಸಿದ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ ಕಬ್ಬಿಣದ ಸಾಮಾನುಗಳು ದೊರೆತವು. ಆಮೇಲಿನ ಕಾಲದಲ್ಲಿ ನಮ್ಮ ದೇಶದ ಕುಶಲಿಗರು ಒಂದು ಹೊಸ ವಿಧಾನ ಕಂಡುಹಿಡಿದರು. ಮೆದು ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ಒಣ ಕಟ್ಟಿಗೆಯ ಚೂರು, ಹಸಿ ಎಲೆಗಳನ್ನು ಹಾಕಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಹಲವು ಗಂಟೆಗಳ ಕಾಲ ಎಡೆಬಿಡದೆ ಊದಿ ಕಾಯಿಸುತ್ತಿದ್ದರು. ಕಟ್ಟಿಗೆ, ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿತ್ತು. ಇಂಗಾಲ ಸೇರಿದ ಕಬ್ಬಿಣ ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತದೆ. ತಣಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ ಇರುತ್ತಿತ್ತು. ಅದರಲ್ಲಿ ಇಂಗಾಲ 1ರಿಂದ 2 ಭಾಗದ ತನಕ ಇರುತ್ತಿತ್ತು.

ಆ ಕಟ್ಟಿಗೆ ಯಾವ ಗಿಡದ್ದು ಗೊತ್ತೆ? ತಂಗಡಿ ಗಿಡದ್ದು. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ, ಬತುಕಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ತಂದು ಜೋಡಿಸುವ, ಈಗ ತೆಲಂಗಾಣದ ರಾಜ್ಯಪುಷ್ಪವಾಗಿರುವ ಅದೇ ತಂಗೇಡು. ಎಲೆಗಳು ಹೆಚ್ಚಾಗಿ ಎಕ್ಕದವು. ಅಂದಿನ ಯುರೋಪಿನ ಬರಹಗಾರರು ಈ ಗಿಡಗಳ ಹೆಸರನ್ನು ಬರೆದಿಟ್ಟಿದ್ದಾರೆ.

ಈ ಉಕ್ಕು ತಯಾರಾಗುತ್ತಿದ್ದ ದೊಡ್ಡ ಕೇಂದ್ರಗಳಲ್ಲಿ ಒಂದು ನಮ್ಮ ಉತ್ತರಕ್ಕಿರುವ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ. 1820ರ ಸುಮಾರಿಗೆ ಹೆನ್ರಿ ವಾಯ್ಸೆ ಎಂಬ ಭೂವಿಜ್ಞಾನಿ ಅಲ್ಲಿಗೆ ಹೋಗಿ ಕೆಲಸವನ್ನು ಕಣ್ಣಾರೆ ಕಂಡನು. ಎರಡು ಬೇರೆ ಊರುಗಳ ಕಬ್ಬಿಣವನ್ನು ಬೆರೆಸಿ ಉಕ್ಕು ಮಾಡುತ್ತಿದ್ದರೆಂದೂ, ಇದನ್ನು ಕೊಳ್ಳಲು ಪರ್ಷಿಯಾ ದೇಶದ ವ್ಯಾಪಾರಿಗಳು ಆ ಹಳ್ಳಿಯ ತನಕ ಬರುತ್ತಿದ್ದರೆಂದೂ ಬರೆದನು. ಮೈಸೂರು ಸೀಮೆಯ ಉಕ್ಕಿನ ಕುಲುಮೆಗಳನ್ನು 1800-1801ರಲ್ಲಿ ಫ್ರಾನ್ಸಿಸ್ ಬುಕನನ್ ನೋಡಿ ವಿವರವಾಗಿ ದಾಖಲು ಮಾಡಿದನು. ಇಂಥ ಉಕ್ಕಿನ ಗಟ್ಟಿಗಳಿಂದಲೇ ಪಶ್ಚಿಮ ಏಷ್ಯಾದ ಕುಶಲಿಗರು ನೀರಿನ ಅಲೆಯಂಥ ಗೆರೆಗಳಿರುವ ಕತ್ತಿಗಳನ್ನು ಮಾಡಿದರು. ದಮಾಸ್ಕಸ್ ಕತ್ತಿಗಳೆಂದು ಅವು ಜಗತ್ಪ್ರಸಿದ್ಧವಾದವು.

ಇಂಗ್ಲಿಷರು ಈ ಉಕ್ಕನ್ನು ವೂಟ್ಜ್ ಎಂದು ಕರೆದರು. ನಮ್ಮ ಉಕ್ಕು ಎಂಬ ಮಾತೇ ಅವರ ಬಾಯಲ್ಲಿ, ಬರಹದಲ್ಲಿ ಹೀಗೆ ರೂಪ ಕೆಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದನು. ಆಮೇಲೆ ಇದನ್ನು ಪರೀಕ್ಷೆಗೆ ಎತ್ತಿಕೊಂಡವರಲ್ಲಿ ಒಬ್ಬನ ಹೆಸರು ನಿಮಗೆಲ್ಲ ಗೊತ್ತು: ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ 1819ರಲ್ಲಿ ವೂಟ್ಜ್ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದನು. 1822ರ ತನಕ ಉಕ್ಕಿನ ಮೇಲೆ ಪ್ರಯೋಗ ನಡೆಸಿದನು. ಆತನ ತಂದೆ ಯಾರು ಬಲ್ಲಿರಾ? ಒಬ್ಬ ಬಡ ಕಮ್ಮಾರ. ಕಮ್ಮಾರನ ಮಗನೊಬ್ಬ ಲಂಡನ್ನಿನಲ್ಲಿ ಕುಳಿತು ನಮ್ಮ ಕಮ್ಮಾರರ ಉಕ್ಕಿನ ಗುಟ್ಟು ಹುಡುಕಿದನು. ಅವನಿಗೂ ಅದು ಪೂರ್ತಿಯಾಗಿ ಸಿಗಲಿಲ್ಲ.

ಒಲೆ ಆರಿದ್ದು

ಇಂಥ ವಿದ್ಯೆ ನಶಿಸಿದ್ದು ಹೇಗೆ? ಕಾರಣಗಳು ಹಲವು. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಉಕ್ಕು ರಾಶಿರಾಶಿಯಾಗಿ, ಅಗ್ಗವಾಗಿ ತಯಾರಾಯಿತು. ಅದು ಹಡಗಿನಲ್ಲಿ, ರೈಲಿನಲ್ಲಿ ನಮ್ಮ ಸಂತೆಗಳ ತನಕ ಬಂತು. ಬ್ರಿಟಿಷರ ಆಡಳಿತದಲ್ಲಿ ಅರಣ್ಯದ ಕಾಯಿದೆಗಳು ಬಂದು ಇದ್ದಿಲು ಸುಡುವುದು ಕಷ್ಟವಾಯಿತು. ಕತ್ತಿ, ಕಠಾರಿಗಳಿಗೆ ಬೇಡಿಕೆ ಇಲ್ಲವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಮೂಸೆಯ ಒಲೆಗಳು ಬಹುಮಟ್ಟಿಗೆ ಆರಿಹೋಗಿದ್ದವು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆ ಕುಶಲಿಗರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಬರೆಯುವ ವಿದ್ಯೆ ಅವರಿಗೆ ದೊರಕಿರಲಿಲ್ಲ. ಬರೆಯಬಲ್ಲವರು ಕುಲುಮೆಗೆ ಹೋಗಿ ಕೇಳಲಿಲ್ಲ. ಅಕ್ಷರ ಬಲ್ಲವರು ಒಂದು ಓಣಿಯಲ್ಲಿ, ಕೈಕೆಲಸ ಬಲ್ಲವರು ಇನ್ನೊಂದು ಓಣಿಯಲ್ಲಿ ಇದ್ದರು, ನಡುವೆ ಮಾತಿರಲಿಲ್ಲ. ಆದುದರಿಂದ ಸುತ್ತಿಗೆ ಹಿಡಿದ ಕೊನೆಯ ಕೈಗಳ ಜೊತೆಗೇ ವಿದ್ಯೆಯೂ ಹೋಯಿತು. ಇಂದು ನಮ್ಮ ಉಕ್ಕಿನ ಚರಿತ್ರೆಗೆ ನಾವು ವಾಯ್ಸೆ, ಬುಕನನ್ ಮುಂತಾದ ಪರದೇಶದವರ ಬರಹವನ್ನೇ ಆಶ್ರಯಿಸಬೇಕಾಗಿದೆ. ಇದು ನಾವೆಲ್ಲರೂ ಯೋಚಿಸಬೇಕಾದ ಸಂಗತಿ.

ಮತ್ತೆ ಹೊತ್ತಿದ ಕಿಡಿ

ಕಳೆದುಹೋದ ಈ ವಿದ್ಯೆಯನ್ನು ಮತ್ತೆ ಹುಡುಕಲು ಹೊರಟವರಲ್ಲಿ ಅಮೆರಿಕದ ಇಬ್ಬರ ಕಥೆ ಬಹಳ ಸ್ವಾರಸ್ಯವಾದುದು. ಜಾನ್ ವರ್ಹೂವನ್ ಎಂಬವರು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆಲ್ಫ್ರೆಡ್ ಪೆಂಡ್ರೆ ಎಂಬವರು ಫ್ಲಾರಿಡಾದಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಕಮ್ಮಾರರು. ಇಬ್ಬರೂ ಕೂಡಿ ವರ್ಷಗಟ್ಟಲೆ ಕೆಲಸ ಮಾಡಿದರು. ಪೆಂಡ್ರೆ ಉಕ್ಕು ಕರಗಿಸಿ ಬಡಿದರೆ ವರ್ಹೂವನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಕೊನೆಗೆ ಹಳೆಯ ಕತ್ತಿಗಳ ಅಲೆಯ ಗೆರೆಗಳು ಹೊಸ ಅಲಗಿನ ಮೇಲೆ ಮೂಡಿದವು. 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಗುಟ್ಟು ಇರುವುದು ಅದಿರಿನಿಂದ ಬಂದ ವೆನೇಡಿಯಂ ಮೊದಲಾದ ಲೋಹಗಳ ಅತ್ಯಲ್ಪ ಅಂಶದಲ್ಲಿ, ಮತ್ತು ಮತ್ತೆ ಮತ್ತೆ ಹಿತವಾಗಿ ಕಾಯಿಸಿ ಬಡಿಯುವ ಕ್ರಮದಲ್ಲಿ. ಹಿಂದೆ ಯುರೋಪಿನ ಕಮ್ಮಾರರು ಈ ಉಕ್ಕನ್ನು ತಮ್ಮ ಅಭ್ಯಾಸದಂತೆ ಬಿಳುಪಾಗುವ ತನಕ ಕಾಯಿಸಿ ಬಡಿದಾಗ ಅದು ಪುಡಿಪುಡಿಯಾಗುತ್ತಿತ್ತು. ಕೆಂಪಿನಲ್ಲಿಯೇ ನಿಲ್ಲಿಸಬೇಕೆಂಬ ಮಾತು ಪೂರ್ವದೇಶದ ಕಮ್ಮಾರರ ಕಣ್ಣಿಗೆ ಗೊತ್ತಿತ್ತು.

2006ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ವಿಜ್ಞಾನಿಗಳು ಹಳೆಯ ದಮಾಸ್ಕಸ್ ಕತ್ತಿಯೊಂದರ ತುಣುಕಿನಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಕೆಗಳನ್ನು ಕಂಡುದಾಗಿ ಪ್ರಕಟಿಸಿದರು. ನಮ್ಮ ದೇಶದಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ವೂಟ್ಜ್ ಉಕ್ಕಿನ ಬಗ್ಗೆ ಸಂಶೋಧನೆ ಮಾಡಿ 2004ರಲ್ಲಿ ಗ್ರಂಥ ಪ್ರಕಟಿಸಿದರು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮತ್ತು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಉತ್ತರ ತೆಲಂಗಾಣದ ಹಳ್ಳಿಗಳನ್ನು ಸುತ್ತಿ, ಹಳೆಯ ಒಲೆಗಳ ಕಿಟ್ಟದ ರಾಶಿ, ಮೂಸೆಯ ಚೂರುಗಳು ಎಲ್ಲೆಲ್ಲಿವೆ ಎಂದು ಗುರುತಿಸಿದರು. ವಿದೇಶಗಳಲ್ಲಿ ಕಮ್ಮಾರಿಕೆಗೆ ಕಲೆಯ ಗೌರವವೂ ಬಂದಿದೆ. ಅಮೆರಿಕದಲ್ಲಿ 1973ರಲ್ಲಿ, ಬ್ರಿಟನ್ನಿನಲ್ಲಿ 1978ರಲ್ಲಿ ಕಮ್ಮಾರ ಕಲಾವಿದರು ತಮ್ಮ ಸಂಘಗಳನ್ನೇ ಕಟ್ಟಿಕೊಂಡರು.

ವರ್ಹೂವನ್, ಪೆಂಡ್ರೆಯವರ ಕಥೆಯಿಂದ ನಾವು ಕಲಿಯುವ ಪಾಠವೇನು? ಪ್ರಾಧ್ಯಾಪಕರೊಬ್ಬರಿಂದಲೇ ಕೆಲಸ ಆಗಲಿಲ್ಲ, ಕಮ್ಮಾರರೊಬ್ಬರಿಂದಲೇ ಆಗಲಿಲ್ಲ. ಓದಿನ ವಿದ್ಯೆ, ಕೈಯ ವಿದ್ಯೆ ಎರಡೂ ಒಂದೇ ಮೇಜಿಗೆ ಬಂದಾಗ ಕೆಲಸ ಆಯಿತು.

ನಮ್ಮೂರ ಕುಲುಮೆಯ ಗತಿ

ಈಗ ನಮ್ಮ ಊರುಗಳನ್ನು ನೋಡೋಣ. ಮೂಸೆಯ ಉಕ್ಕು ಹೋಗಿ ನೂರು ವರ್ಷಗಳ ಮೇಲಾಯಿತು. ಆದರೆ ಹದ ಕೊಡುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಜೀವಂತವಾಗಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಮಚ್ಚು, ಕೊಡಲಿ, ಕುಡಗೋಲು ಮಾಡುವ ಕಮ್ಮಾರರನ್ನು ನೀವೂ ನೋಡಿರಬಹುದು. ಆ ಪಟ್ಟಿಯಲ್ಲಿ ಇಂಗಾಲ ಸುಮಾರು 0.6 ಭಾಗ ಇರುತ್ತದೆ ಎಂಬ ಅಂಕಿ ಅವರಿಗೆ ತಿಳಿಯದಿರಬಹುದು. ಆದರೆ ಯಾವ ತುಂಡು ಹದ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ಬಡಿದ ಸದ್ದಿನಿಂದಲೇ ಹೇಳುತ್ತಾರೆ. ಬಂಡಿಯಲ್ಲಿ ಸಂಸಾರ ಹೇರಿಕೊಂಡು ಊರೂರು ತಿರುಗುವ ಘಿಸಾಡಿಗಳಿಗೂ ಈ ವಿದ್ಯೆ ಕುಲದ ಆಸ್ತಿ.

ಅವರ ಬಾಳು ಮಾತ್ರ ಕಷ್ಟಕ್ಕೆ ಬಂದಿದೆ. ಎತ್ತುಗಳು ಕಡಿಮೆಯಾದವು, ಟ್ರ್ಯಾಕ್ಟರುಗಳು ಹೆಚ್ಚಿದವು. ನಮ್ಮ ಜಹೀರಾಬಾದಿನಲ್ಲಿಯೇ ಟ್ರ್ಯಾಕ್ಟರು ತಯಾರಿಸುವ ದೊಡ್ಡ ಕಾರ್ಖಾನೆ ಇದೆ. ಬಂಡಿಗಳಿಗೆ ರಬ್ಬರಿನ ಗಾಲಿ ಬಂದವು. ಸಂತೆಯಲ್ಲಿ ಕಾರ್ಖಾನೆಯ ಕುಡಗೋಲು ಅಗ್ಗಕ್ಕೆ ಸಿಗುತ್ತದೆ. ಇದ್ದಿಲು ತುಟ್ಟಿಯಾಗಿದೆ. ಆಯ ನಿಂತಿದೆ. ಟ್ರ್ಯಾಕ್ಟರನ್ನು ನಾವು ದೂರುವಂತಿಲ್ಲ. ಅದು ರೈತರ ಬೆನ್ನಿನ ಭಾರ ಇಳಿಸಿದೆ. ಆದರೆ ಹಳೆಯದು ಹೋಗುವಾಗ ಅದರೊಳಗಿನ ತಿರುಳನ್ನೂ ಎಸೆದುಬಿಡಬೇಕೆ ಎಂಬುದೇ ಪ್ರಶ್ನೆ.

ತಿರುಳನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಉದಾಹರಣೆಗಳಿವೆ. ಬೀದರಿನ ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರಲ್ಲಿ ಬಿದರಿ ಕಲಾವಿದರಾದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಇನ್ನೊಂದು ಉದಾಹರಣೆ ನಮ್ಮ ಹೊಲದ್ದೇ. ನವಣೆ, ಸಾವೆ, ಸಜ್ಜೆಗಳನ್ನು ಬಡವರ ಕಾಳೆಂದು ಜನ ಬಿಟ್ಟಿದ್ದರು. ಜಹೀರಾಬಾದ್ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮೂಲಕ ಆ ಬೀಜಗಳನ್ನು ಕಾಪಾಡಿದರು. ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬೀಜ ಉಳಿದಿತ್ತು, ಆದುದರಿಂದ ಬೆಳೆ ಮತ್ತೆ ಬಂತು. ವಿದ್ಯೆಯ ಮಾತೂ ಹಾಗೆಯೇ.

ಕೇಂದ್ರ ಸರಕಾರವು 2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ, ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಅದರಲ್ಲಿರುವ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿಯ ತನಕ ಸಾಲ, ಇವು ಅದರ ಮುಖ್ಯ ಅಂಶಗಳು. ಇಂಥ ಯೋಜನೆಗಳ ವಿಷಯ ಕುಲುಮೆಯ ತನಕ ತಲುಪಿಸಲು, ಅರ್ಜಿ ಓದಿ ಹೇಳಲು ಹೈಸ್ಕೂಲು ಮಕ್ಕಳು ನೆರವಾಗಬಾರದೆ?

ನಾವು ಮಾಡಬಹುದಾದುದು

ಪಾಲಕರಲ್ಲಿ ಒಂದು ಮಾತು. ಕುಲುಮೆಯ ಕೆಲಸ ಮಾಡುವ ತಂದೆಯರು, "ನಮ್ಮ ಕಷ್ಟ ನಮಗೇ ಸಾಕು, ಮಕ್ಕಳಿಗೆ ಬೇಡ" ಎನ್ನುತ್ತಾರೆ. ಆ ಮಾತು ನ್ಯಾಯವಾದುದು. ಹೊಟ್ಟೆ ತುಂಬದ ಕಸುಬನ್ನು ಅಭಿಮಾನಕ್ಕಾಗಿ ಮಾಡಿರೆಂದು ಹೇಳಲು ಯಾರಿಗೂ ಹಕ್ಕಿಲ್ಲ. ಕಮ್ಮಾರರ ಮಕ್ಕಳೇ ಕಮ್ಮಾರರಾಗಬೇಕೆಂಬ ಕಟ್ಟೂ ಇಂದು ಇಲ್ಲ, ಇರಲೂ ಬಾರದು. ಆದರೆ ತಂದೆಯ ವಿದ್ಯೆ ನಾಚಿಕೆಯ ವಿಷಯವಲ್ಲ, ಅದು ಬಂಡವಾಳ ಎಂದು ಮಕ್ಕಳಿಗೆ ತಿಳಿಸಿರಿ. ಹದ ಬಲ್ಲ ಹುಡುಗನು ಐ.ಟಿ.ಐ.ಯಲ್ಲಿ ಫಿಟ್ಟರ್, ವೆಲ್ಡರ್ ಕೆಲಸವನ್ನು ಬೇಗ ಕಲಿಯುತ್ತಾನೆ. ಇಂಗಾಲದ ಪಾಠವನ್ನು ಕಣ್ಣಾರೆ ಕಂಡ ಹುಡುಗಿಯು ಲೋಹಶಾಸ್ತ್ರದ ಇಂಜಿನಿಯರಾಗಬಲ್ಲಳು. ಫ್ಯಾರಡೆಯ ತಂದೆ ಕಮ್ಮಾರನಾಗಿದ್ದುದು ಅವನಿಗೆ ಕುಂದಾಗಲಿಲ್ಲ. ಇತರ ಪಾಲಕರಾದರೂ ಕುಡಗೋಲು ಕೊಳ್ಳುವಾಗ ನಾಲ್ಕು ರೂಪಾಯಿ ಹೆಚ್ಚಾದರೂ ಊರ ಕುಲುಮೆಯದನ್ನೇ ಕೊಳ್ಳಬಹುದು. ಅದು ಮೊಂಡಾದರೆ ಮತ್ತೆ ತಟ್ಟಿಸಬಹುದು, ವರ್ಷಗಟ್ಟಲೆ ಬಾಳುತ್ತದೆ.

ಇನ್ನು ವಿದ್ಯಾರ್ಥಿ ಮಿತ್ರರೆ, ನಿಮ್ಮ ಕೆಲಸ ಸುಲಭವಾದುದು ಮತ್ತು ಬಹಳ ದೊಡ್ಡದು. ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ನಿಮ್ಮೂರಿನ ಕುಲುಮೆಗೆ ಹೋಗಿರಿ. ಬೆಂಕಿಯಿಂದ ದೂರ ಕುಳಿತು, ಕೆಲಸಕ್ಕೆ ಅಡ್ಡಿಯಾಗದಂತೆ, "ಕಾಕಾ, ಇದು ಹೇಗೆ?" ಎಂದು ಕೇಳಿರಿ. ಒಂದೊಂದು ಸಾಮಾನಿನ ಹೆಸರೇನು? ಕನ್ನಡದಲ್ಲಿ ಏನು, ತೆಲುಗಿನಲ್ಲಿ ಏನು? ಕುಳಕ್ಕೆ ಯಾವ ಬಣ್ಣದಲ್ಲಿ ನೀರು, ಉಳಿಗೆ ಯಾವ ಬಣ್ಣದಲ್ಲಿ? ಯಾವ ಮರದ ಇದ್ದಿಲು ಒಳ್ಳೆಯದು? ಯಾರಿಂದ ಕಲಿತಿರಿ? ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ, ಚಿತ್ರ ಬಿಡಿಸಿರಿ. ಹಾಗೆ ಬರೆದುದನ್ನು ಶಾಲೆಯ ಗ್ರಂಥಾಲಯದಲ್ಲಿ ಇಟ್ಟರೆ, ಇನ್ನು ಐವತ್ತು ವರ್ಷಗಳ ಮೇಲೆ ಹುಡುಕುವವರಿಗೆ ಅದೇ ಆಧಾರವಾಗುತ್ತದೆ.

ಕೋನಸಮುದ್ರಂನಲ್ಲಿ ಹೋದ ವಿದ್ಯೆಯನ್ನು ಮತ್ತೆ ಕಂಡುಹಿಡಿಯಲು ಲೋಕದ ವಿಜ್ಞಾನಿಗಳಿಗೆ ಇನ್ನೂರು ವರ್ಷಗಳು ಹಿಡಿದವು. ನಮ್ಮೂರ ಕುಲುಮೆಯ ವಿದ್ಯೆಯನ್ನು ಬರೆದುಕೊಳ್ಳಲು ನಾಲ್ಕು ಸಂಜೆಗಳು ಸಾಕು. ಕಾದ ಕಬ್ಬಿಣವನ್ನು ಕಾದಾಗಲೇ ಬಡಿಯಬೇಕೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಹೇಳುವವರು ಇನ್ನೂ ಇದ್ದಾರೆ. ಕೇಳುವವರು ನಾವಾಗೋಣ.